ಅವ್ವ ಉಂಡ ರೊಟ್ಟಿ

ಮರಾಠಿ ಸೀಮೆಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ನಾನು. ನನ್ನ ಕೈ ತಾಗದೆ ಒಂದು ವಿಮಾನವೂ ಅಲ್ಲಿಂದ ಮೇಲೆದ್ದಿಲ್ಲ. ಮೋಡದಾಚೆ ಹಾರುವ ವಿಮಾನದ ಸದ್ದು ಕೇಳಿಯೇ ಅದರ ಯಾವ ಬೋಲ್ಟ್ ನಾನು ಬಿಗಿದದ್ದೆಂದು ಹೇಳಬಲ್ಲೆ. ಇಂಥ ನನಗೆ, ಎರಡು ಸಾವಿರದ ಹನ್ನೆರಡರ ಡಿಸೆಂಬರಿನಲ್ಲಿ, ಒಂದು ಎಸ್ಸೆಮ್ಮೆಸ್ ಬಂತು.

ಮಗಳು ಭಾರ್ಗವಿಯದು. ಶನಿವಾರ ಸಂಜೆ ನಾಲ್ಕಕ್ಕೆ ಔರಂಗಾಬಾದಿನ ಫ್ರಿಂಜ್ ನಾಟಕೋತ್ಸವದಲ್ಲಿ ತನ್ನ ಕ್ಯಾಬರೆ ಇದೆ, ಬರಬೇಕೆನಿಸಿದರೆ ಬರ್ರಿ ಎಂದಿತ್ತು. ಅವಳವ್ವ ಗೋದಾವರಿ ತೀರಿಕೊಂಡು ಎರಡು ವರ್ಷವಾಗಿತ್ತು. ದಿನಕರ್ಮ ಮುಗಿಸಿ ಔರಂಗಾಬಾದಿನ ಬಳಿಯ ಶೇಂದ್ರಾದ ಕಾರ್ಖಾನೆಯ ಕೆಲಸಕ್ಕೆ ಮರಳಿದ ಮಗಳು ಅಂದಿನಿಂದ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಈಗ ಕರೆದಿದ್ದಾಳೆ, ಅದೂ ಕ್ಯಾಬರೆಗೆ. ನನಗೆ ಗೊತ್ತಿದ್ದ ಕ್ಯಾಬರೆ ಹಳೇ ಹಿಂದಿ ಸಿನಿಮಾದ್ದು: ತಲೆಯ ಮೇಲೆ ಗರಿ, ಎದುರಿಗೆ ಸ್ಮಗ್ಲರುಗಳು.

ಪಕ್ಕದ ಪಿಂಪಳಗಾಂವ್ ಬಸವಂತಿನಲ್ಲಿ ಹೋಟೆಲು ನಡೆಸುವ ಕುಂದಾಪುರದ ಉಮಾನಾಥನಿಗೆ, ಮಗಳ ಆಟ ನೋಡಲು ದೆಹಲಿಯಿಂದ ಅರ್ಧ ಸರ್ಕಾರವೇ ಬರುತ್ತಿದೆ ಎಂದೆ. ಅವನು ಪಾಪ ಕಾರು ತೆಗೆದ. ಯೇವಲಾ ದಾಟುವವರೆಗೆ ನನ್ನ ಬಾಯಿ ನಿಲ್ಲಲಿಲ್ಲ. ವೈಜಾಪುರದ ಆಚೆ ಕಿಟಕಿಯ ಹೊರಗಿನ ಹೊಲಗಳನ್ನು ಎಣಿಸುತ್ತ ಕೂತೆ. ಮೈ ಹುಷಾರಿಲ್ಲವೇ ಎಂದು ಉಮಾನಾಥ ಎರಡು ಸಲ ಕೇಳಿದ.

ಜಾಗ ಒಂದು ಮುಚ್ಚಿದ ಹತ್ತಿ ಗೋದಾಮು. ದೊಡ್ಡ ರಂಗಮಂದಿರಗಳು ಒಳಗೆ ಬಿಟ್ಟುಕೊಳ್ಳದ ಆಟಗಳೆಲ್ಲ ಇಲ್ಲಿ ನಡೆಯುತ್ತವಂತೆ. ವೇದಿಕೆ ಇಲ್ಲ. ಮೇಜುಗಳು, ಸುತ್ತ ಕುರ್ಚಿಗಳು, ಮೂಲೆಯಲ್ಲೊಂದು ಹಾರ್ಮೋನಿಯಂ. ಊರಲ್ಲಿ ನಾನು ಐದು ಸಾವಿರ ಜನ ಎಂದು ಹೇಳಿದ್ದೇನೆ. ನಲವತ್ತಿದ್ದರು.

ಭಾರ್ಗವಿ ಬಂದಳು. ಗರಿಯಿಲ್ಲ, ಮೈತುಂಬ ಬಟ್ಟೆಯಿತ್ತು, ನನಗೆ ಉಸಿರು ಬಂತು. ಆಮೇಲೆ ಅಂಗಿಯ ಗುರುತು ಹತ್ತಿತು. ಕಾರ್ಖಾನೆಯ ನನ್ನದೇ ನೀಲಿ ಅಂಗಿ. ಮೂಗಿನ ಕೆಳಗೆ ಕಾಡಿಗೆಯ ಮೀಸೆ. ಮೋಡಗಳಿಗೂ ಬೋಲ್ಟ್ ಬಿಗಿದ ಅಪ್ಪನೊಬ್ಬನ ಹಾಡನ್ನು ಮರಾಠಿಯಲ್ಲಿ ಎತ್ತಿಕೊಂಡಳು. ಜನ ಮೇಜು ಬಡಿದು ನಕ್ಕರು. ಉಮಾನಾಥ ಕಣ್ಣೊರೆಸಿಕೊಳ್ಳುತ್ತ ನನ್ನತ್ತ ಬಾಗಿದ.

"ಇದು ನೀವೇ ಅಲ್ದಾ ಮಾರಾಯ್ರೆ?"

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಮೀಸೆ ತಿರುವುವುದರಲ್ಲಿ ಮಗಳು ನನ್ನನ್ನೂ ಮೀರಿಸಿದ್ದಳು.

ಹಾರ್ಮೋನಿಯಂ ನಿಂತಿತು. ಅವಳು ಮುಷ್ಟಿಯನ್ನು ಫೋನಿನಂತೆ ಕಿವಿಗಿಟ್ಟಳು.

ನಮ್ಮ ಧಾರವಾಡದ ಕಡೆ ಕಾಯಿಲೆಯವರ ಆರೋಗ್ಯ ಕೇಳುವುದೆಂದರೆ ಎಷ್ಟು ರೊಟ್ಟಿ ಉಂಡರೆಂದು ಕೇಳುವುದು. ಗೋದಾವರಿ ಹಾಸಿಗೆ ಹಿಡಿದ ಮೇಲೆ ಭಾರ್ಗವಿ ಪ್ರತಿ ಭಾನುವಾರ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಳು. ಈಗ ಆ ಫೋನುಗಳೇ ಹಾಡಾದವು. ಮೊದಲ ಭಾನುವಾರ ಎರಡು ರೊಟ್ಟಿ. ಮುಂದಿನ ವಾರ ಮೂರು. ಅದರ ಮುಂದಿನ ವಾರ ನಾಲ್ಕು, ಜೊತೆಗೆ ಎಣ್ಣೆಗಾಯಿ. ನಾಲ್ಕನೆಯ ಭಾನುವಾರಕ್ಕೆ ಜನರೇ ಕೂಗಿದರು: ಪಾಚ್, ಪಾಚ್.

ಹೌದು, ಐದು ಎಂದೇ ಹೇಳಿದ್ದೆ. ಆ ದಿನ ಗೋದಾವರಿಗೆ ಚಮಚದ ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಂಗಳವಾರ ಹೋದಳು. ಮಗಳ ಹೊಸ ನೌಕರಿ, ರಜೆ ಕೇಳಿದರೆ ಕಾಯಂ ಮಾಡುವುದಿಲ್ಲ ಎಂದು ಸುಮ್ಮನಿದ್ದೆ ಅಂತ ಎಲ್ಲರಿಗೂ ಹೇಳಿದ್ದೇನೆ. ಅಷ್ಟೇ ಅಲ್ಲ. ಸಣ್ಣ ಸಂಖ್ಯೆ ಈ ಬಾಯಿಗೆ ಬರಲೇ ಇಲ್ಲ.

ಅವಳು ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಮೇಜಿನಿಂದ ಮೇಜಿಗೆ ಹೋಗಿ, ನನ್ನವ್ವ ಎಷ್ಟು ರೊಟ್ಟಿ ಉಂಡಳು ಎಂದು ಮರಾಠಿಯಲ್ಲಿ ಕೇಳತೊಡಗಿದಳು. ಒಬ್ಬ ಆರು ಎಂದ. ಒಬ್ಬಾಕೆ ಡಜನ್ ಎಂದಳು. ನಗು ಪ್ರತಿ ಮೇಜಿಗೂ ಕಡಿಮೆಯಾಗುತ್ತಿತ್ತು. ನಮ್ಮ ಮೇಜಿಗೆ ಬಂದಾಗ ಅವಳ ಬಾಯಲ್ಲಿ ಕನ್ನಡ ಬಂತು, ಫೋನಿನಲ್ಲಿ ಮಾತ್ರ ಅವಳಾಡುತ್ತಿದ್ದ ತಡವರಿಸುವ ಕನ್ನಡ.

"ಅಪ್ಪಾ, ಅವ್ವ ಎಷ್ಟು ರೊಟ್ಟಿ ಉಂಡ್ಳು?"

ಮೈಕು ನನ್ನ ಗಲ್ಲಕ್ಕೆ ತಾಗಿತು. ಉಮಾನಾಥ ಮೇಜನ್ನೇ ನೋಡುತ್ತಿದ್ದ. ಇಡೀ ಗೋದಾಮನ್ನು ನಗಿಸುವ ಉತ್ತರಗಳು ನನ್ನಲ್ಲಿದ್ದವು, ನಿಜವಾಗಿ ಇದ್ದವು.

"ಒಂದೂ ಇಲ್ಲ," ಎಂದೆ. "ನೀರೂ ಇಳೀವಲ್ದು. ನೀ ಈಗಿಂದೀಗ ಬಾ."

ನಮ್ಮನ್ನು ಬಿಟ್ಟರೆ ಅಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಯಾರೂ ನಗಲಿಲ್ಲ. ಭಾರ್ಗವಿ ಮುಷ್ಟಿ ಕೆಳಗಿಳಿಸಿ, ತಾನು ತೊಟ್ಟಿದ್ದ ನನ್ನ ಅಂಗಿಯ ತೋಳಿನಿಂದ ಮೀಸೆ ಒರೆಸಿಕೊಂಡಳು. ಕಾಡಿಗೆ ಕೆನ್ನೆಗೆಲ್ಲ ಹರಡಿತು. ಉಳಿದ ಹಾಡು ಅವಳಿಂದಾಗಲಿಲ್ಲ. ಹಾರ್ಮೋನಿಯಂನವನೇ ಹೇಗೋ ಮುಗಿಸಿದ.

ಜನ ಹೋದ ಮೇಲೆ ಅವಳು ನಮ್ಮ ಬಳಿ ಬಂದಳು. ಕಾಲಿಗೆ ಬೀಳಲಿಲ್ಲ, ಕೂರಲೂ ಇಲ್ಲ.

"ನಾಳೆ ಐತವಾರ," ಎಂದಳು. "ನಾಳೇನೂ ಶೋ ಅದ. ನಾಳೇನೂ ಕೇಳ್ತೀನಿ."

ಉಮಾನಾಥನನ್ನು ಒಬ್ಬನನ್ನೇ ಊರಿಗೆ ಕಳಿಸಿದೆ.