ಅಂಗುಳಿನ ತಿರುಪು

ನಲವತ್ತರ ಹೊಸ್ತಿಲಲ್ಲಿದ್ದ ಮಗಳು ಕಿಟಕಿಯ ಬೆಳಕಿಗೆ ಮುಖ ಎತ್ತಿ ಬಾಯಿ ತೆರೆದು ಕೂತಳು. ಇಕ್ಕಟ್ಟಾದ ಅವಳ ಮೇಲ್ದವಡೆಯನ್ನು ಕೊಯ್ಯದೆ ಅಗಲ ಮಾಡಲು ಹಲ್ಲಿನ ಡಾಕ್ಟರು ಅಂಗುಳಿಗೆ ಒಂದು ತಿರುಪು ಕೂರಿಸಿದ್ದರು. ದಿನಾ ಅದನ್ನು ಸಣ್ಣ ಕೀಲಿಯಿಂದ ತಿರುಗಿಸಬೇಕು. ತನ್ನ ಅಂಗುಳು ತನಗೇ ಕಾಣದ ಕಾರಣ ಆ ಕೆಲಸ ಅಮ್ಮನ ಪಾಲಿಗೆ ಬಂದಿತ್ತು. ಅಮ್ಮನಿಗೋ ಅದು ಹೇಳಿ ಮಾಡಿಸಿದಂಥ ಹೊತ್ತು. ತೆರೆದ ಬಾಯಿ ಎದುರುತ್ತರ ಕೊಡುವುದಿಲ್ಲವಲ್ಲ!

“ಈ ವಯಸ್ಸಲ್ಲಿ ಯಾಕೆ ಬೇಕಿತ್ತೇ ಈ ಉಸಾಬರಿ? ಚಿಕ್ಕವಳಿದ್ದಾಗ ಮೂಳೆ ಮೆತ್ತಗಿತ್ತು, ಸಲೀಸಾಗಿ ಆಗೋದಂತೆ. ಆಗ್ಲೇ ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?”

ಕೀಲಿ ತಿರುಗಿದಂತೆ ಮೂಗಿನ ಬುಡದವರೆಗೂ ಒತ್ತಿ ಬಂದ ನೋವಿಗೆ ಮಗಳ ಕಣ್ಣಲ್ಲಿ ನೀರಾಡಿತು. ಅಮ್ಮ ಕೀಲಿ ಹೊರತೆಗೆದಳು. ದಿನವೂ ನುಂಗಿಕೊಳ್ಳುತ್ತಿದ್ದ ಮಾತನ್ನು ಮಗಳು ಇವತ್ತು ನುಂಗಲಿಲ್ಲ.

“ಹೇಳಿದ್ದೆ ಅಮ್ಮ. ತಮ್ಮನ ಹಲ್ಲಿಗೆ ತಂತಿ ಹಾಕಿಸಿದ ದಿನ, ನಂಗೂ ಏನಾದ್ರೂ ಮಾಡ್ಸು ಅಂತ ಗೋಗರೆದಿದ್ದೆ. ‘ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಕಾಣಲ್ಲ’ ಅಂದವಳು ನೀನೇ.”

ಅಮ್ಮ ಕೀಲಿಯನ್ನು ಒರೆಸಿದಳು. ಒಣಗಿದ ಮೇಲೂ ಒರೆಸಿದಳು. ಆಮೇಲೆ ಅದನ್ನು ಡಬ್ಬಿಗೆ ಹಾಕಿ ಮಗಳ ಮಡಿಲಲ್ಲಿಟ್ಟಳು.

“ನಾಳೆಯಿಂದ ಬೇರೆ ಯಾರ ಹತ್ರಾನಾದ್ರೂ ತಿರುಗಿಸ್ಕೋ. ನಂಗೆ ಕಣ್ಣು ಸರಿಯಾಗಿ ಕಾಣ್ಸಲ್ಲ.”