ಆಕ್ಸಲ್ ಮೇಲಿನ ಬಿಳಿ ಅಕ್ಷರ

ಬೆಳಿಗ್ಗೆ ಆರು ಗಂಟೆಗೆ ಸ್ಯೆನಿತ್ಸಾ ಪಟ್ಟಣದಲ್ಲಿ ಮೈನಸ್ ಇಪ್ಪತ್ತೆಂಟು ಡಿಗ್ರಿ ಇತ್ತು. ಹಾಲಿನ ಲಾರಿಯ ಹಿಂದಿನ ಆಕ್ಸಲ್‌ಗೆ ಸಾದಾ ಗೇರ್ ಎಣ್ಣೆ ಹಾಕುವುದೋ, ಚಳಿಗೆ ಗಟ್ಟಿಯಾಗದ ಸಿಂಥೆಟಿಕ್ ಎಣ್ಣೆಯೋ ಎಂದು ಮೆಕ್ಯಾನಿಕ್ ರಾದೊಯೆ ಲಾರಿಯಡಿ ಮಲಗಿ ಯೋಚಿಸುತ್ತಿದ್ದ.

ಆಕ್ಸಲ್ ಮೇಲೆ ಅವನ ಅಣ್ಣ ಮಿಲಿಸಾವ್ ಬಿಳಿ ಬಣ್ಣದಲ್ಲಿ ಬರೆದಿದ್ದ: ‘ಸಾದಾ ಎಣ್ಣೆ ಮಾತ್ರ. ಸೀಲ್ ಹಳೆಯದು.’ ಕಳೆದ ಜನವರಿಯಲ್ಲಿ ಆ ಸಾದಾ ಎಣ್ಣೆ ಚಳಿಗೆ ಮೇಣದಂತೆ ಗಟ್ಟಿಯಾಗಿ, ಬೇರಿಂಗ್ ಒಣಗಿ ಹಿಡಿದುಕೊಂಡು, ಲಾರಿ ಬಯಲಿನಲ್ಲಿ ನಿಂತುಬಿಟ್ಟಿತ್ತು. ಲಾರಿ ಓಡಿಸುತ್ತಿದ್ದ ಮಿಲಿಸಾವ್ ಕ್ಯಾಬಿನ್ನಿನಲ್ಲೇ ಹೆಪ್ಪುಗಟ್ಟಿ ಸತ್ತಿದ್ದ. ಅಂದು ಎಣ್ಣೆ ಸುರಿದವನು ರಾದೊಯೆ.

ಈಗ ಲಾರಿ ಓಡಿಸುವವಳು ಮಿಲಿಸಾವನ ಹೆಂಡತಿ, ಅತ್ತಿಗೆ ಜಾಗೊರ್ಕಾ. ಅವಳು ಬಗ್ಗಿ ಲಾರಿಯಡಿ ಇಣುಕಿದಳು.

“ಅವರು ಬರೆದಿದ್ದಾರಲ್ಲಪ್ಪ, ಅದನ್ನೇ ಹಾಕು. ಸಿಂಥೆಟಿಕ್ ತೆಳು, ಹಳೇ ಸೀಲಿಂದ ಸೋರುತ್ತೆ. ಅವರ ಮಾತು ಮೀರಿದ್ರೆ ನಂಗೆ ನಿದ್ದೆ ಬರಲ್ಲ.”

“ಸೋರಿದ್ರೆ ಕಣ್ಣಿಗೆ ಕಾಣುತ್ತೆ ಅತ್ತಿಗೆ, ನಿಲ್ಸಿ ತುಂಬಿಸ್ಕೋಬಹುದು. ಗಟ್ಟಿಯಾದ್ರೆ ಕಾಣಲ್ಲ. ನಿದ್ದೆ ನಂಗೂ ಇಲ್ಲ.”

ರಾದೊಯೆ ಸಿಂಥೆಟಿಕ್ ಸುರಿದು ಪ್ಲಗ್ ಬಿಗಿದ. ಬಿಗಿದ ಮೇಲೆ ಆಕ್ಸಲನ್ನು ಸ್ಪ್ಯಾನರಿನಿಂದ ಎರಡು ಸಲ ಬಡಿಯುವುದು ಮಿಲಿಸಾವನ ರೂಢಿಯಾಗಿತ್ತು. ರಾದೊಯೆ ಸ್ಪ್ಯಾನರ್ ಕೆಳಗಿಟ್ಟಿದ್ದ; ಆದರೂ ಎರಡು ಸಲ ಬಡಿದ ಸದ್ದು ಇಬ್ಬರಿಗೂ ಕೇಳಿಸಿತು. ಜಾಗೊರ್ಕಾ ಲಾರಿ ಹತ್ತಿ ಹೊರಟಳು.

ಹತ್ತೂವರೆಗೆ ಜಾಗೊರ್ಕಾ ನೋವಿ ಪಾಜಾರ್ ಪಟ್ಟಣದಿಂದ ಫೋನ್ ಮಾಡಿದಳು. ಹಾಲು ಇಳಿಸಿಯಾಗಿತ್ತು, ಸೀಲ್ ಸೋರುತ್ತಿತ್ತು.