ಎಡಗಡೆಯ ಬಟನ್

ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರ ಅಪ್ಪನ ಎಡಗೈಯ ಮೂರು ಬೆರಳು ತೆಗೆದುಕೊಂಡ ಮೇಲೂ ಯಜಮಾನರು ಆ ಜಾಗವನ್ನು ಬೇರೆಯವರಿಗೆ ಕೊಡಲಿಲ್ಲ. ಮಗಳು ಸ್ಕೂಲು ಮುಗಿಸಿದ್ದಾಳಲ್ಲ, ಬಂದು ಕೆಲಸ ಕಲಿಯಲಿ, ಕಲಿಯುವಾಗಲೂ ಸಂಬಳ ಕೊಡುತ್ತೇವೆ ಎಂದು ಮೇಸ್ತ್ರಿಯ ಹತ್ತಿರ ಹೇಳಿ ಕಳಿಸಿದರು. ಅದೇ ಹೊತ್ತಿಗೆ ಮಗಳು ಗುಬ್ಬಿಗೆ ಯೂನಿವರ್ಸಿಟಿಯಲ್ಲಿ ಸೀಟೂ ಸಿಕ್ಕಿತು. ಇದ್ದೂ ಇಲ್ಲದ ಹಾಗೆ ಮೂಲೆ ಹಿಡಿದು ಕೂರುತ್ತಾಳೆಂದು ಮನೆಯಲ್ಲಿ ಅವಳಿಗೆ ಬಿದ್ದ ಹೆಸರು ಗುಬ್ಬಿ.

ಓದಲಿ ಎಂದಳು ಅಮ್ಮ. ಅಪ್ಪ ಬ್ಯಾಂಡೇಜಿನ ಕೈಯನ್ನು ಎಳೆಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ಓದಿ ಓದಿ ಕನ್ನಡಕ ಬಂತು, ಇನ್ನೇನು ಬರಬೇಕಂತೆ?" ಎಂದು ಮಾವ ನಕ್ಕ. ಸೀಟಿನ ವಿಷಯ ತಿಳಿಸಲು ವಾರ ಟೈಮಿತ್ತು. ಅಷ್ಟರೊಳಗೆ ಪ್ರೆಸ್ಸಿಗೂ ಹೋಗಿ ನೋಡುವುದೆಂದಾಯಿತು.

ಯಂತ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಎರಡು ಕೈಯೂ ಹೊರಗಿರಲೆಂದು ಹಾಗೆ ಮಾಡಿದ್ದು. ಗುಬ್ಬಿ ಹಾಗೇ ಒತ್ತಿದಳು. ಎಷ್ಟು ಒತ್ತಿದರೂ ಪಕ್ಕದ ರಾಶಿ ಕರಗಲಿಲ್ಲ. ಒಂದು ಬೆಳಗ್ಗೆ ಎಣ್ಣೆ ಒರೆಸಲು ಬಟ್ಟೆ ಹುಡುಕುತ್ತಾ ಡ್ರಾಯರ್ ಎಳೆದಾಗ, ಮಡಿಸಿಟ್ಟ ರಟ್ಟಿನ ತುಂಡೊಂದು ಸಿಕ್ಕಿತು. ಎಣ್ಣೆ ಕುಡಿದು ಕಪ್ಪಾಗಿತ್ತು. ಎಡಗಡೆಯ ಬಟನ್ನನ್ನು ಒತ್ತಿ ಹಿಡಿದು ಸಂದಿಗೆ ಅದನ್ನು ತುರುಕಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು, ಬಟನ್ ಮೇಲೇಳಲಿಲ್ಲ. ಇನ್ನು ಬಲಗೈ ಒತ್ತುವುದಕ್ಕೆ, ಎಡಗೈ ಕಾಗದ ಸರಿಪಡಿಸುವುದಕ್ಕೆ.

ಮಧ್ಯಾಹ್ನಕ್ಕೆಲ್ಲ ರಾಶಿ ಖಾಲಿ. ಮೇಸ್ತ್ರಿ ಬಂದು ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ, ಬೈಂಡಿಂಗಿನವರಿಗೆಲ್ಲ ಕೇಳುವಂತೆ, "ಅಪ್ಪನ ಕೈಯೇ ಬಂದಿದೆ ಕಣ್ರಯ್ಯಾ ಇವಳಿಗೆ" ಎಂದ. ನಾಲ್ಕು ಜನರ ಮುಂದೆ ಅವಳನ್ನು ಹೊಗಳಿದವರು ಅದುವರೆಗೆ ಇರಲಿಲ್ಲ. ಕಿವಿ ಬಿಸಿಯಾಯಿತು. ಊಟದ ಬಿಡುವಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಯೂನಿವರ್ಸಿಟಿಗೆ ಫೋನ್ ಮಾಡಿದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಆ ಕಡೆಯವರು "ಏನಂದ್ರಿ?" ಎಂದರು, ಸೀಟು ಬೇಡವೆಂದು ಎರಡು ಸಲ ಹೇಳಬೇಕಾಯಿತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮೊದಲ ಸಲ ಕೆಲಸದ ಮಾತೆತ್ತಿದ. ಇವತ್ತು ಎಷ್ಟಾಯಿತು ಎಂದು ಕೇಳಿದ.

"ನೋಟ್‌ಬುಕ್ಕಿನ ಇಡೀ ರಾಶಿ. ಮಧ್ಯಾಹ್ನಕ್ಕೇ ಮುಗಿಸಿದೆ."

ಅಪ್ಪನ ತುತ್ತು ಬಾಯಿಗೆ ಹೋಗದೆ ನಿಂತಿತು. "ಎರಡು ಕೈಲಿ ಒತ್ತಿದರೆ ಅಷ್ಟಾಗಲ್ಲ ಕಣೇ."

"ಡ್ರಾಯರಲ್ಲಿ ಇತ್ತು" ಎಂದಳು ಗುಬ್ಬಿ.

"ಮೂರು ಮಡಿಕೇನಾ, ನಾಲ್ಕಾ?"

"ನಾಲ್ಕು."

"ಹೂಂ. ಮೂರಾದ್ರೆ ಜಾರುತ್ತೆ" ಎಂದ ಅಪ್ಪ, ಕೆಲಸದವನಿಗೆ ಕೆಲಸದವನು ಹೇಳುವ ಹಾಗೆ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ತಟ್ಟೆ ತಳ್ಳಿದ. "ಓದೋಕೆ ಹೋಗು. ನಾಳೇನೇ ಫೋನ್ ಮಾಡಿ ಬರ್ತೀನಿ ಅನ್ನು."

ಬೇಡ ಅಂತ ಹೇಳಿಯಾಗಿದೆ ಎಂದಳು ಗುಬ್ಬಿ. ಆ ಮನೆಯಲ್ಲಿ ಅವಳ ಮಾತು ಎಲ್ಲರಿಗೂ ಒಂದೇ ಸಲಕ್ಕೆ ಕೇಳಿಸಿದ್ದು ಆವತ್ತೇ. ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದೇ ಕೂತುಬಿಟ್ಟಳು.

ಮರುದಿನ ಅಮ್ಮ ತಾನೇ ಯೂನಿವರ್ಸಿಟಿಗೆ ಹೋಗಿ ಬಂದಳು. ಸೀಟು ಬೇರೆಯವರಿಗೆ ಹೋಗಿತ್ತು.

ಗುಬ್ಬಿ ಆ ರಟ್ಟನ್ನು ಚೂರು ಕಾಗದದ ಬುಟ್ಟಿಗೆಸೆದು, ಎರಡೂ ಕೈಯಲ್ಲಿ ಒತ್ತತೊಡಗಿದಳು. ಸಂಜೆಯಾದರೂ ರಾಶಿ ಅರ್ಧವೂ ಇಳಿದಿರಲಿಲ್ಲ. ಮೇಸ್ತ್ರಿ ಬೈಯಲಿಲ್ಲ. ಹೊಸ ರಟ್ಟೊಂದನ್ನು ಹರಿದು, ಮೂರು ಮಡಿಕೆ ಮಾಡಿ, ಒಂದು ಗಳಿಗೆ ನೋಡಿ, ಇನ್ನೊಂದು ಮಡಿಸಿ ಡ್ರಾಯರಿನಲ್ಲಿಟ್ಟು ಮೊಣಕಾಲಿನಿಂದ ಮುಚ್ಚಿದ. "ಯಜಮಾನರು ನಿನ್ನ ಜಾಗಕ್ಕೆ ಬೇರೆಯವರನ್ನ ನೋಡು ಅಂದ್ರೆ ನಾನೇನು ಹೇಳಲಮ್ಮ?"

ಮುಂದಿನ ವಾರದಿಂದ ರಾಶಿ ಮತ್ತೆ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು.

ಎಷ್ಟಾಯಿತೆಂದು ಅಪ್ಪ ಆಮೇಲೆ ಕೇಳಲಿಲ್ಲ. ಸಂಜೆಯಾದರೆ ಬಾಗಿಲಲ್ಲಿ ಬಂದು ಕೂರುತ್ತಾನೆ. ಅವಳಿನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, "ಕೈ ತೋರಿಸು" ಎನ್ನುತ್ತಾನೆ. ಗುಬ್ಬಿ ಎರಡನ್ನೂ ಚಾಚುತ್ತಾಳೆ. ಬಲಗೈಯನ್ನು ಹಾಗೇ ಬಿಟ್ಟು, ಎಡಗೈಯನ್ನಷ್ಟೇ ತಿರುಗಿಸಿ ತಿರುಗಿಸಿ ನೋಡುತ್ತಾನೆ.